ಅಂಬಾಸಿಡರ್‌ಗೆ ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ರೆ ಕುದಿಯೋದು ನಿಲ್ಲುತ್ತಾ?

ನಂದಿ ಬೆಟ್ಟದ ಮೇಲೆ ನನ್ನ ಅಂಬಾಸಿಡರ್‌ನ ಬಾನೆಟ್ ಎತ್ತಿದರೆ ಸಾಕು, ಹಳೇ ಗಾಡಿ ಇಟ್ಟುಕೊಂಡವರು ಯಾರಾದರೂ ಬಂದು ಇಣುಕುತ್ತಾರೆ. "ಸಾರ್, ಎಲೆಕ್ಟ್ರಿಕ್ ಫ್ಯಾನ್ ಹಾಕ್ಸಿದ್ದೀರಾ? ನಮ್ದಕ್ಕೂ ಹಾಕ್ಸಿದ್ರೆ ಹೀಟ್ ಆಗೋದು ನಿಲ್ಲುತ್ತಾ?"

ನಾನು ತಿರುಗಿ ಕೇಳುವುದು, ರೇಡಿಯೇಟರಿಗೆ ಯಾವ ನೀರು ಹಾಕ್ತೀರಿ ಅಂತ. ನಮ್ಮ ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅನ್ನುವುದು ಬಚ್ಚಲುಮನೆಯ ಬಕೆಟ್ ನೋಡಿದರೇ ಗೊತ್ತಾಗುತ್ತದೆ. ಅದೇ ಬಿಳಿ ಪೊರೆ ರೇಡಿಯೇಟರಿನ ಸಣ್ಣ ಕೊಳವೆಗಳೊಳಗೂ ಕಟ್ಟುತ್ತದೆ. ಮೊದಲು ಬಿಚ್ಚಿಸಿ ಕ್ಲೀನ್ ಮಾಡಿಸಿ, ಕೂಲೆಂಟ್ ತುಂಬಿಸಿ. ಹೈವೇಯಲ್ಲಿ 60ರಲ್ಲಿ ಹೋಗುವಾಗಲೂ ಟೆಂಪರೇಚರ್ ಮೀಟರಿನ ಮುಳ್ಳು ಏರುತ್ತಿದ್ದರೆ ತಪ್ಪು ಫ್ಯಾನಿನದಲ್ಲ. ಆ ವೇಗಕ್ಕೆ ಎದುರಿನಿಂದ ನುಗ್ಗುವ ಗಾಳಿಯೇ ಸಾಕು. ನಿಂತಾಗ, ತೆವಳುವಾಗ ಮಾತ್ರ ಬಿಸಿಯಾಗುತ್ತಿದೆಯೇ? ಹಾಗಾದರೆ ಖಂಡಿತ ಹಾಕಿಸಿ.

ಹಳೆಯ ಫ್ಯಾನ್ ಇರುವುದು ವಾಟರ್ ಪಂಪಿನ ಪುಲ್ಲಿಯ ಮೇಲೆ. ಎಂಜಿನ್ ನಿಧಾನವಾದರೆ ಅದೂ ನಿಧಾನ. ಭಾನುವಾರ ಬೆಳಿಗ್ಗೆ ಬೆಟ್ಟದ ರಸ್ತೆಯಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಾಗಲೇ ಗಾಳಿ ಬೇಕಾಗುವುದು, ಆಗಲೇ ಅದು ತೂಕಡಿಸುತ್ತದೆ. ಇನ್ನೊಂದು, 1478 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಸತ್ತು ಒತ್ತಡ ನಿಲ್ಲದಿದ್ದರೆ ಬೆಟ್ಟದ ಮೇಲೆ ಆವಿ ಏಳುವುದು ಇದಕ್ಕೇ. ನನ್ನ ಗಾಡಿಯ ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆಯುವುದು 82ಕ್ಕೆ, ಫ್ಯಾನ್ ಶುರುವಾಗುವುದು 92ಕ್ಕೆ, ನಿಲ್ಲುವುದು 87ಕ್ಕೆ. ಬಿಸಿ ನೋಡಿ ಫ್ಯಾನ್ ಓಡಿಸುವ ಸ್ವಿಚ್ಚಿನ ಅಂಕಿ ಥರ್ಮೋಸ್ಟಾಟಿಗಿಂತ ಕೆಳಗಿದ್ದರೆ ಫ್ಯಾನ್ ನಿಲ್ಲುವುದೇ ಇಲ್ಲ.

ಬ್ಯಾಟರಿ ಚಾರ್ಜ್ ಮಾಡಲು ಹಳೇ ಡೈನಮೊ ಇರುವ ಗಾಡಿಯಾದರೆ ಮೊದಲು ಆಲ್ಟರ್ನೇಟರ್ ಹಾಕಿಸಿ. ಐಡ್ಲಿಂಗ್‌ನಲ್ಲಿ ಡೈನಮೊ ಹೆಚ್ಚುಕಮ್ಮಿ ಏನನ್ನೂ ಕೊಡುವುದಿಲ್ಲ, ಫ್ಯಾನ್ ಬ್ಯಾಟರಿಯನ್ನೇ ತಿನ್ನುತ್ತದೆ. ಫ್ಯಾನಿನ ದೊಡ್ಡ ಕರೆಂಟನ್ನು ಸಣ್ಣ ಸ್ವಿಚ್ಚಿನ ಬದಲು ತಾನು ಹೊರುವ ರಿಲೇ, ಫ್ಯೂಸು ಎರಡೂ ಇರಲೇಬೇಕು.

ನಾನು ಪೆಟ್ಟು ತಿಂದದ್ದು ಅರ್ಥ್, ಅಂದರೆ ಕರೆಂಟು ಗಾಡಿಯ ಬಾಡಿಯ ಮೂಲಕ ಬ್ಯಾಟರಿಗೆ ಮರಳುವ ದಾರಿಯ ವಿಷಯದಲ್ಲಿ. ಮೆಕ್ಯಾನಿಕ್ ಮೇಲಿನ ಹೋಸ್ ಪೈಪನ್ನು ಕತ್ತರಿಸಿ, ನಡುವೆ ಲೋಹದ ಅಡಾಪ್ಟರ್ ಕೂರಿಸಿ, ಅದಕ್ಕೆ ಒಂದೇ ಟರ್ಮಿನಲ್ಲಿನ ಸ್ವಿಚ್ ತಿರುಗಿಸಿದ್ದರು. ನೋಡಲು ಬಹಳ ಅಚ್ಚುಕಟ್ಟು. ಆದರೆ ಎರಡೂ ಕಡೆ ರಬ್ಬರ್! ಸ್ವಿಚ್ಚಿಗೆ ಬಾಡಿಯ ಸಂಪರ್ಕವೇ ಇರಲಿಲ್ಲ. ಬೆಟ್ಟ ಹತ್ತುವಾಗ ಮುಳ್ಳು ಕೆಂಪಿಗೆ ಹೋದರೂ ಫ್ಯಾನ್ ಅಲುಗಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ತಣಿಯುವವರೆಗೆ ಮುಕ್ಕಾಲು ಗಂಟೆ ಕಾದೆ. ಆಮೇಲೆ ಅಡಾಪ್ಟರಿಗೆ ಕ್ಲಿಪ್ ಹಾಕಿ ಅಲ್ಲಿಂದ ಚಾಸಿಗೆ ಗೇಣುದ್ದದ ವೈರ್ ಎಳೆದೆವು, ಅಷ್ಟೇ. ಅಂದಿನಿಂದ ಒಮ್ಮೆಯೂ ಕೈಕೊಟ್ಟಿಲ್ಲ.

ಫ್ಯಾನನ್ನು ರೇಡಿಯೇಟರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟಲು ಬಿಡಬೇಡಿ. ಅಲುಗಾಟಕ್ಕೆ ಕೊಳವೆ ಸವೆದು ಸೋರುತ್ತದೆ. ಚೌಕಟ್ಟಿಗೆ ಪಟ್ಟಿ ಕೊಟ್ಟು ಬೋಲ್ಟ್ ಮಾಡಿಸಿ. ಫ್ಯಾನ್ ಓಡಿಸಿ ನೋಡುವಾಗ ಗ್ರಿಲ್ಲಿನ ಕಡೆಯಿಂದ ಒಂದು ಹಾಳೆ ಹಿಡಿಯಿರಿ. ಹಾಳೆ ರೇಡಿಯೇಟರಿಗೆ ಅಂಟಿಕೊಳ್ಳಬೇಕು. ಹಾರಿಬಂದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ, ಎರಡು ವೈರ್ ಅದಲುಬದಲು ಮಾಡಿ.

"ಬೆಲ್ಟ್ ಬಿಚ್ಚಿಬಿಡಬಹುದಾ?" ಅಂತಲೂ ಕೇಳುತ್ತಾರೆ. ಬೇಡ, ವಾಟರ್ ಪಂಪೂ ಆಲ್ಟರ್ನೇಟರೂ ಓಡುವುದು ಅದರಿಂದಲೇ. ಹಳೆಯ ಫ್ಯಾನ್ ತೆಗೆದ ಜಾಗಕ್ಕೆ ಮಾತ್ರ ಗಿಡ್ಡ ಬೋಲ್ಟು ಹಾಕಿಸಿ, ಉದ್ದದವು ಪುಲ್ಲಿಯನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಆ ಉದ್ದನೆಯ ಬೋಲ್ಟುಗಳನ್ನೂ ಹಳೆಯ ಫ್ಯಾನನ್ನೂ ಗೋಣಿಚೀಲದಲ್ಲಿ ಸುತ್ತಿ ಡಿಕ್ಕಿಯಲ್ಲೇ ಇಟ್ಟಿದ್ದೇನೆ. 2014ರಲ್ಲಿ ತಯಾರಿಕೆ ನಿಂತ ಗಾಡಿ ಇದು, ಅದರ ಒಂದು ಬೋಲ್ಟನ್ನೂ ಗುಜರಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ.