ಹತ್ತನೇ ನರದ ಬೆನ್ನು ಹತ್ತಿ

ಸರ್ಪಸುತ್ತಿನ ತಲೆ ಮತ್ತು ಬಾಲ ಕೂಡಿಕೊಂಡರೆ ಮನುಷ್ಯ ಉಳಿಯುವುದಿಲ್ಲ ಅಂತ ನಮ್ಮ ಹಾಸನದ ಕಡೆ ಈಗಲೂ ಹೇಳುತ್ತಾರೆ. ನಾನು ಅನಸ್ತೇಶಿಯಾ ಡಾಕ್ಟರ್. ಜನರ ಬಾಯಲ್ಲಿ "ಬೆನ್ನಿಗೆ ಸೂಜಿ ಹಾಕೋ ಮೇಡಂ". ಒಂದು ನರ್ಸಿಂಗ್ ಹೋಂನಿಂದ ಇನ್ನೊಂದಕ್ಕೆ ಕಾರಿನಲ್ಲಿ ಓಡಾಡುವುದೇ ನನ್ನ ಪ್ರಾಕ್ಟೀಸ್. ಸರ್ಪಸುತ್ತು ನನ್ನ ವಿಭಾಗ ಅಲ್ಲ. ಆದರೆ ಗುಳ್ಳೆ ಒಣಗಿದ ಮೇಲೂ ಉರಿ ಬಿಡದಿದ್ದರೆ, ನರಕ್ಕೆ ಇಂಜೆಕ್ಷನ್ ಕೊಡಿ ಅಂತ ನನ್ನ ಹತ್ತಿರ ಕಳಿಸುತ್ತಾರೆ. ಹಾಗೆ ಬಂದ ಒಬ್ಬ ಅಜ್ಜಿ ಹೊಕ್ಕುಳ ಪಕ್ಕದ ಕಲೆ ತೋರಿಸಿ ಹೇಳಿದರು: "ಕೂಡ್ಕಳಕ್ಕೆ ಇನ್ನ ನಾಕೇ ಬೆರಳು ಇತ್ತು ಕಣವ್ವ. ಅಷ್ಟ್ರಲ್ಲಿ ಕೆಮ್ಮಣ್ಣು ಹಾಕಿ ತಡುದ್ರು."

ತಡೆದದ್ದು ಕೆಮ್ಮಣ್ಣಲ್ಲ. ಆ ನರವೇ ಅಲ್ಲಿಗೆ ಮುಗಿಯುತ್ತದೆ.

ಎದೆಯ ಭಾಗದ ಬೆನ್ನುಮೂಳೆಗಳು 12. ಅದರಲ್ಲಿ ಹತ್ತನೆಯದರ ಕೆಳಗಿಂದ ಬಲಕ್ಕೊಂದು, ಎಡಕ್ಕೊಂದು ನರ ಹೊರಡುತ್ತದೆ. ನಾವು ಅದನ್ನು ಟಿ-10 ಅನ್ನುತ್ತೇವೆ. ಚಿಕ್ಕಂದಿನಲ್ಲಿ "ಅಮ್ಮ" (ಚಿಕನ್‌ಪಾಕ್ಸ್) ಬಂದು ಹೋಗಿತ್ತಲ್ಲ, ಆ ವೈರಸ್ ಪೂರ್ತಿ ಹೋಗಿರುವುದಿಲ್ಲ. ನರದ ಬುಡದಲ್ಲಿರುವ ಸಣ್ಣ ಗಂಟಿನಲ್ಲಿ ಸುಮ್ನೆ ಕೂತಿರುತ್ತದೆ. ವಯಸ್ಸಾಗಿಯೋ, ಕಾಯಿಲೆಯಿಂದಲೋ ಮೈಯ ಶಕ್ತಿ ಕುಗ್ಗಿದಾಗ ಎದ್ದು ಆ ಒಂದೇ ನರದ ಗುಂಟ ಚರ್ಮಕ್ಕೆ ಬರುತ್ತದೆ. ಬಲಗಡೆಯ ನರ ಹೊಟ್ಟೆಯ ನಡುಗೆರೆಯ ತನಕ ಬಂದು ನಿಲ್ಲುತ್ತದೆ. ಎಡಗಡೆಯದು ಅದರ ಪಾಡಿಗೆ ಎಡಕ್ಕೇ ಇರುತ್ತದೆ. ಹಾಗಾಗಿ ಗುಳ್ಳೆಗಳ ಸಾಲು ಬೆನ್ನಿನಿಂದ ಹೊರಟು ಅರ್ಧ ಸುತ್ತು ಬಂದು ನಿಲ್ಲುತ್ತದೆ. ತಲೆ-ಬಾಲ ಕೂಡುವ ದಾರಿಯೇ ಇಲ್ಲ. ರೋಗನಿರೋಧಕ ಶಕ್ತಿ ತೀರಾ ಇಳಿದವರಲ್ಲಿ ಗುಳ್ಳೆ ಮೈಯೆಲ್ಲ ಹರಡಬಹುದು. ಅದು ಬೇರೆ ವಿಷಯ, ಅವರನ್ನು ಅಡ್ಮಿಟ್ ಮಾಡಬೇಕು. ಉಳಿದವರಿಗೆ ಗುಳ್ಳೆ ಕಂಡ 72 ಗಂಟೆಯೊಳಗೆ ಅಸೈಕ್ಲೋವಿರ್ ಥರದ ಮಾತ್ರೆ ಶುರುವಾದರೆ ಲಾಭ ಜಾಸ್ತಿ. ಕೆಮ್ಮಣ್ಣಿನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅದರ ಹಿಂದೆ ಕಳೆದುಹೋಗುವ ಆ ಮೂರು ದಿನದ ಬಗ್ಗೆ ಇದೆ.

ಈಗ ನರದ ದಾರಿಗೆ ಬರೋಣ. ಟಿ-10 ಮೊದಲು ಪಕ್ಕೆಲುಬಿನ ಕೆಳ ಅಂಚಿನ ಮರೆಯಲ್ಲಿ ಮುಂದಕ್ಕೆ ಬರುತ್ತದೆ. ಮೇಲೆ ವೇನ್, ನಡುವೆ ಆರ್ಟರಿ (ಎರಡೂ ರಕ್ತನಾಳಗಳು), ಕೆಳಗೆ ನರ. ಈ ಕ್ರಮವನ್ನು ಎಂಬಿಬಿಎಸ್ ಮೊದಲ ವರ್ಷದಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಪಕ್ಕೆಲುಬು ಮುಗಿದರೂ ನರ ನಿಲ್ಲುವುದಿಲ್ಲ. ಅದೇ ಇಳಿಜಾರಿನಲ್ಲಿ ಹೊಟ್ಟೆಯ ಗೋಡೆಯೊಳಗೆ ಇಳಿಯುತ್ತದೆ.

ಪಕ್ಕದ ಗೋಡೆಯಲ್ಲಿ ಮೂರು ಮಾಂಸದ ಹಾಳೆಗಳಿವೆ. ಹೊರಗಿನದು ಎಕ್ಸ್‌ಟರ್ನಲ್ ಆಬ್ಲಿಕ್. ಪ್ಯಾಂಟಿನ ಮುಂದಿನ ಜೇಬಿಗೆ ಕೈ ಇಳಿಬಿಟ್ಟರೆ ಬೆರಳು ಯಾವ ಕಡೆ ಇರುತ್ತವೋ, ಅದರ ಎಳೆಗಳೂ ಆ ಕಡೆಗೇ. ನಡುವಿನದು ಇಂಟರ್ನಲ್ ಆಬ್ಲಿಕ್, ಅದರ ಎಳೆ ಹೆಚ್ಚುಕಡಿಮೆ ತದ್ವಿರುದ್ಧ. ಒಳಗಿನದು ಟ್ರಾನ್ಸ್‌ವರ್ಸಸ್, ಅಡ್ಡಡ್ಡ. ಪ್ಲೈವುಡ್‌ನಲ್ಲಿ ಪದರ ಬಿಟ್ಟು ಪದರಕ್ಕೆ ಎಳೆ ತಿರುಗಿಸಿ ಅಂಟಿಸಿರುತ್ತಾರಲ್ಲ, ಅದೇ ಲೆಕ್ಕ. ಮುಂದೆ ಹೊಕ್ಕುಳ ಎರಡೂ ಪಕ್ಕ ಮೇಲಿಂದ ಕೆಳಗೆ ಉದ್ದಕ್ಕೆ ರೆಕ್ಟಸ್ ಇದೆ. ಜಿಮ್ ಹುಡುಗರು ಸಿಕ್ಸ್ ಪ್ಯಾಕ್ ಅಂತ ತೋರಿಸುವುದು ಇದನ್ನೇ. ಅದರ ಅಡ್ಡಗೆರೆಗಳು ಹುಟ್ಟಿನಿಂದಲೇ ಬಂದವು. ಎಲ್ಲರಿಗೂ ಇರುತ್ತವೆ, ನಮ್ಮದು ಕೊಬ್ಬಿನ ಕೆಳಗಿದೆ ಅಷ್ಟೇ.

ನರ ಹೋಗುವುದು ಎರಡನೇ ಮತ್ತು ಮೂರನೇ ಹಾಳೆಯ ನಡುವೆ. ಟಿ-10 ಒಂದೇ ಅಲ್ಲ, ಟಿ-7ರಿಂದ ಟಿ-12ರ ತನಕ ಎಲ್ಲವೂ, ಜೊತೆಗೆ ಸೊಂಟದ ಮೊದಲ ನರ ಎಲ್-1 ಕೂಡ ಸ್ವಲ್ಪ ದೂರ ಇದೇ ಸಂದಿಯಲ್ಲಿ ಸಾಗುತ್ತದೆ. ಎದೆಗುಳಿಯ ಕೆಳಗೆ ಟಿ-7, ಹೊಕ್ಕುಳಲ್ಲಿ ಟಿ-10, ತೊಡೆಸಂದಿನಲ್ಲಿ ಎಲ್-1. ಈ ಒಂದು ಸಂದಿ ಸಿಕ್ಕಿದರೆ ಹೊಟ್ಟೆಯ ಗೋಡೆಯನ್ನು ಮರಗಟ್ಟಿಸಬಹುದು ಅಂತ ತೋರಿಸಿಕೊಟ್ಟವರು ರಫಿ ಅನ್ನುವ ಅನಸ್ತೇಶಿಯಾ ವೈದ್ಯರು, 2001ರಲ್ಲಿ. ಸೊಂಟದ ಮೂಳೆಯ ಮೇಲೆ, ಹಿಂಬದಿಗೆ, ಪೆಟಿಟ್ ತ್ರಿಕೋನ ಅಂತ ಒಂದು ಜಾಗವಿದೆ. ಅಲ್ಲಿ ಸೂಜಿ ಚುಚ್ಚಿ, ಪದರ ದಾಟುವ "ಟಕ್" ಬೆರಳಿಗೆ ತಿಳಿಯಬೇಕಿತ್ತು. ಇದಕ್ಕೆ ಟ್ಯಾಪ್ (ಟ್ರಾನ್ಸ್‌ವರ್ಸಸ್ ಅಬ್ಡಾಮಿನಿಸ್ ಪ್ಲೇನ್) ಬ್ಲಾಕ್ ಅಂತ ಹೆಸರು.

ನಾವೀಗ ಟಕ್ ನಂಬಿ ಕೂರುವುದಿಲ್ಲ. ಅಲ್ಟ್ರಾಸೌಂಡ್ ಪ್ರೋಬನ್ನು ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಅಡ್ಡ ಇಡುತ್ತೇನೆ. ಸ್ಕ್ರೀನಿನಲ್ಲಿ ಮೂರು ಕಪ್ಪು ಪಟ್ಟಿ, ನಡುವೆ ಬಿಳಿ ಗೆರೆಗಳು. ಸಾಮಾನ್ಯವಾಗಿ ನಡುವಿನ ಪಟ್ಟಿ ದಪ್ಪ, ಕೆಳಗಿನದು ತೆಳು. ಅದಕ್ಕೂ ಕೆಳಗೆ ಕರುಳು ಮೆಲ್ಲಗೆ ಹೊರಳುತ್ತಿರುತ್ತದೆ. ಕರುಳು ಅಲ್ಲಾಡುವುದು ಕಂಡ ಮೇಲೇ ನಾನು ಸೂಜಿ ಮುಟ್ಟುವುದು. ಅದರಿಂದ ಮೇಲಕ್ಕೆ ಎಣಿಸಿಕೊಂಡು ಬಂದರೆ ಪದರ ತಪ್ಪುವುದಿಲ್ಲ. ಸೂಜಿಯ ತುದಿ ಎರಡನೇ ಬಿಳಿ ಗೆರೆಗೆ ತಾಗಿದಾಗ ಒಂದೆರಡು ಮಿ.ಲೀ. ಸಲೈನ್ ಬಿಡಬೇಕು. ಜಾಗ ಸರಿ ಇದ್ದರೆ ಗೆರೆ ಬಾಯಿ ಬಿಟ್ಟು, ಎರಡು ಮಾಂಸಗಳ ನಡುವೆ ಕಪ್ಪು ಕೊಳ ತುಂಬಿಕೊಳ್ಳುತ್ತದೆ. ಮಾಂಸದೊಳಗೇ ಊದಿಕೊಂಡರೆ ಇನ್ನೂ ಒಂದು ಚೂರು ಮುಂದೆ ಹೋಗಬೇಕು ಅಂತ ಅರ್ಥ. ಆಮೇಲೆ ಮರಗಟ್ಟಿಸುವ ಔಷಧಿ, 0.25 ಪರ್ಸೆಂಟ್ ಬುಪಿವಕೇನ್, ಪ್ರತಿ ಪಕ್ಕಕ್ಕೆ 20 ಮಿ.ಲೀ. ರೋಗಿ ತೀರಾ ಸಣ್ಣಗಿದ್ದರೆ ತೂಕ ನೋಡಿ ಕಡಿಮೆ. ಈ ಔಷಧಿ ರಕ್ತಕ್ಕೆ ಜಾಸ್ತಿ ಸೇರಿದರೆ ಹೃದಯಕ್ಕೆ ತೊಂದರೆ.

ನಾನು ಇದನ್ನು ಹೆಚ್ಚಾಗಿ ಮಾಡುವುದು ಸಿಸೇರಿಯನ್ ನಂತರ. ಬೆನ್ನಿಗೆ ಕೊಡುವ ಸ್ಪೈನಲ್ ಇಂಜೆಕ್ಷನ್‌ನಲ್ಲೇ ಒಂದಿಷ್ಟು ಮಾರ್ಫಿನ್ ಸೇರಿಸಿದರೆ ಟ್ಯಾಪ್ ಬ್ಲಾಕ್‌ನಿಂದ ಹೆಚ್ಚಿನ ಲಾಭವೇನೂ ಇಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಸಣ್ಣ ನರ್ಸಿಂಗ್ ಹೋಂಗಳಲ್ಲಿ ಮಾರ್ಫಿನ್ ಎಲ್ಲಿದೆ? 1985ರ ಮಾದಕ ವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಆಗಿ ಲೈಸೆನ್ಸ್ ಸುಲಭವಾಯಿತು. ಆದರೂ ರಿಜಿಸ್ಟರು, ಲೆಕ್ಕ, ಬೀಗದ ಕಪಾಟು ಅಂತ ಹೆದರಿ ಎಷ್ಟೋ ಕಡೆ ಇಟ್ಟುಕೊಳ್ಳುವುದೇ ಇಲ್ಲ. ಅಂಥ ಕಡೆ ಈ ಸಂದಿಯೇ ನನಗೆ ಗತಿ. ಆದರೆ ಮರಗಟ್ಟುವುದು ಗೋಡೆ ಮಾತ್ರ. ಮಗುವಿಗೆ ಹಾಲು ಕೊಡುವಾಗ ಗರ್ಭಕೋಶ ಹಿಂಡಿದ ಹಾಗೆ ಬರುವ ನೋವಿನ ನರಗಳ ದಾರಿಯೇ ಬೇರೆ. ಅದಕ್ಕೆ ಮಾತ್ರೆಯೇ ಬೇಕು.

ಬಾಣಂತಿಯರು ಕೇಳುವ ಇನ್ನೊಂದು ಪ್ರಶ್ನೆ: "ಮಾಂಸ ಎಲ್ಲಾ ಕತ್ತರಿಸಿಬಿಟ್ಟಿದಾರಲ್ಲ, ಇನ್ನು ಭಾರ ಎತ್ತಂಗಿಲ್ವಾ ಮೇಡಂ?" ಇಲ್ಲ ತಾಯಿ, ಕತ್ತರಿಸಿಲ್ಲ. ಜರ್ಮನಿಯ ಡಾಕ್ಟರ್ ಫಾನೆನ್‌ಸ್ಟೀಲ್ 1900ರಲ್ಲಿ ವಿವರಿಸಿದ ಅಡ್ಡ ಗಾಯದಲ್ಲಿ ಚರ್ಮ ಮತ್ತು ರೆಕ್ಟಸ್ ಮೇಲಿನ ಗಟ್ಟಿ ಪೊರೆಯನ್ನು ಅಡ್ಡ ಕೊಯ್ಯುತ್ತಾರೆ. ರೆಕ್ಟಸ್ ಮಾಂಸವನ್ನು ನಡುವೆ ಬಿಡಿಸಿ ಎರಡು ಪಕ್ಕಕ್ಕೆ ಸರಿಸುತ್ತಾರೆ ಅಷ್ಟೇ. ಪೆಟ್ಟು ಬೀಳುವುದು ಬೇರೆ ಕಡೆ. ಗಾಯ ಅಗಲವಾದಷ್ಟೂ ಅದರ ತುದಿಗಳಲ್ಲಿ ಎಲ್-1ರ ಎರಡು ಕವಲುಗಳು ಕತ್ತರಿಗೋ ಹೊಲಿಗೆಗೋ ಸಿಕ್ಕಿಕೊಳ್ಳುವ ಸಾಧ್ಯತೆ ಇರುತ್ತದೆ. ಗಾಯದ ಸುತ್ತ ತಿಂಗಳುಗಟ್ಟಲೆ ಜೋಮು ಹಿಡಿದಂತೆ ಇರುವುದು ಸಣ್ಣ ನರದೆಳೆಗಳು ಕತ್ತರಿಸಿರುವುದರಿಂದ. ಇದನ್ನು ಮೊದಲೇ ಹೇಳಿದರೆ ಅರ್ಧ ಹೆದರಿಕೆ ಕಡಿಮೆ ಆಗುತ್ತದೆ, ಯಾರೂ ಹೇಳುವುದಿಲ್ಲ.

ರಕ್ತನಾಳಗಳ ಮೇಲೆ ಕಣ್ಣಿಡುವುದು ಸರ್ಜನ್ ಕೆಲಸ. ರೆಕ್ಟಸ್ ಹಿಂದೆ ಮೇಲಿಂದ ಒಂದು, ಕೆಳಗಿಂದ ಒಂದು ಎಪಿಗ್ಯಾಸ್ಟ್ರಿಕ್ ಆರ್ಟರಿ ಬಂದು ಮಾಂಸದೊಳಗೆ ಸೇರುತ್ತವೆ. ಮೇಲಿನದು ಹೃದಯದ ಬೈಪಾಸ್‌ಗೆ ಬಳಸುವ ಎದೆಯ ರಕ್ತನಾಳದ್ದೇ ಮುಂದುವರಿಕೆ. ಕೆಳಗಿನದು ತೊಡೆಸಂದಿನ ಹತ್ತಿರದಿಂದ ಏರುತ್ತದೆ. ಲ್ಯಾಪ್ರೋಸ್ಕೋಪಿಯಲ್ಲಿ ಪಕ್ಕದ ತೂತು ಹಾಕುವ ಮುಂಚೆ ಸರ್ಜನ್ ಒಳಗಿಂದ ಕ್ಯಾಮೆರಾದಲ್ಲಿ ಹುಡುಕುವುದು ಇದನ್ನೇ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ರೆಕ್ಟಸ್ ಬಿಟ್ಟು ಪಕ್ಕಕ್ಕೆ ಸೂಜಿ ಹಾಕುವುದೂ ಇದಕ್ಕೇ ಹೆದರಿ.

ಟಿ-10ರ ಕೊನೆಯ ತಿರುವು ಬಾಕಿ ಇದೆ. ರೆಕ್ಟಸ್ ಅಂಚಿಗೆ ಬಂದ ನರ ಅದರ ಹಿಂದೆ ನುಸುಳುತ್ತದೆ. ಅಲ್ಲಿಂದ ಸುಮಾರು 90 ಡಿಗ್ರಿ ತಿರುಗಿ, ಮಾಂಸವನ್ನು ತೂರಿ ಮುಂದೆ ಚರ್ಮಕ್ಕೆ ಬರುತ್ತದೆ. ತೂರುವ ಕಿಂಡಿ ಬಿಗಿ. ಅಲ್ಲಿ ನರ ಸಿಕ್ಕಿಕೊಂಡರೆ ಒಂದು ಬೆರಳಿನ ತುದಿಯಷ್ಟು ಜಾಗದಲ್ಲಿ ನೋವು ಶುರುವಾಗುತ್ತದೆ. ಟಿ-10, 11, 12 ಯಾವುದಕ್ಕೂ ಆಗಬಹುದು. ಹೊಲಿಗೆ ಕೆಲಸ ಮಾಡುವ ಒಬ್ಬ ಹೆಂಗಸನ್ನು ಸರ್ಜನ್ ಒಬ್ಬರು ಕಳಿಸಿದ್ದರು. ದಪ್ಪ ಫೈಲು, ಸ್ಕ್ಯಾನ್ ಎಲ್ಲಾ ನಾರ್ಮಲ್, ಗ್ಯಾಸಿನ ಮಾತ್ರೆ ನುಂಗಿ ನುಂಗಿ ಬೇಸತ್ತಿದ್ದರು. "ಎಲ್ಲಿ ನೋವಮ್ಮಾ?" ಅಂದರೆ ಅಂಗೈ ಸವರಲಿಲ್ಲ, ಒಂದೇ ಬೆರಳಿಟ್ಟು ತೋರಿಸಿದರು. ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಉಳಿದರ್ಧಕ್ಕೆ ಕಾರ್ನೆಟ್ ಪರೀಕ್ಷೆ ಇದೆ, 1926ರದ್ದು. ಮಿಶೀನೂ ಬೇಡ, ಕಾಸೂ ಬೇಡ. ಅಂಗಾತ ಮಲಗಿಸಿ ನೋವಿರುವ ಜಾಗ ಒತ್ತಬೇಕು. ಒತ್ತಿಕೊಂಡೇ ತಲೆ ಮತ್ತು ಭುಜ ಎತ್ತಲು ಹೇಳಬೇಕು. ಆಗ ಹೊಟ್ಟೆಯ ಮಾಂಸ ಬಿಗಿಯಾಗಿ ಒಳಗಿನ ಅಂಗಗಳನ್ನು ಬೆರಳಿನಿಂದ ಕಾಪಾಡುತ್ತದೆ. ನೋವು ಒಳಗಿನದಾದರೆ ಕಡಿಮೆಯಾಗುತ್ತದೆ. ಗೋಡೆಯದಾದರೆ ಹಾಗೇ ಇರುತ್ತದೆ, ಇಲ್ಲವೇ ಜಾಸ್ತಿಯಾಗುತ್ತದೆ. ಆಕೆ ತಲೆ ಎತ್ತಿದವರೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಅಲ್ಟ್ರಾಸೌಂಡ್ ನೋಡಿಕೊಂಡು ಆ ಜಾಗಕ್ಕೆ ಮರಗಟ್ಟಿಸುವ ಲಿಗ್ನೋಕೇನ್ ಸ್ವಲ್ಪ ಕೊಟ್ಟೆ. ಕಾಫಿ ಕುಡಿದು ಬರುವಷ್ಟರಲ್ಲಿ ಎದ್ದು ಕೂತಿದ್ದರು. ಎಲ್ಲರಿಗೂ ಒಂದೇ ಇಂಜೆಕ್ಷನ್‌ಗೆ ಮುಗಿಯುವುದಿಲ್ಲ. ಕೆಲವರಿಗೆ ಮತ್ತೆ ಮತ್ತೆ ಬೇಕು, ಕೆಲವರಿಗೆ ಆಪರೇಷನ್ ಮಾಡಿ ಆ ನರವನ್ನೇ ಕತ್ತರಿಸುತ್ತಾರೆ. ಆಕೆಯ ಗಂಡ ಫೈಲು ಎತ್ತಿಕೊಂಡು ಕೇಳಿದ್ದು ಇಷ್ಟೇ: "ಹಂಗಾರೆ ಗ್ಯಾಸ್ ಮಾತ್ರೆ ನಿಲ್ಲಿಸ್ಬೋದಾ?" ನಿಲ್ಲಿಸಿದರು.

ಕಾರ್ನೆಟ್ ಪರೀಕ್ಷೆ ಗೋಡೆ ಕಡೆ ಕೈ ತೋರಿಸಿತು ಅಂತ ನಿಶ್ಚಿಂತೆಯಿಂದ ಇರಲೂ ಆಗುವುದಿಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವ ವಯಸ್ಸಾದವರು ಜೋರಾಗಿ ಕೆಮ್ಮಿದಾಗ ಎಪಿಗ್ಯಾಸ್ಟ್ರಿಕ್ ನಾಳದ ಕವಲೊಂದು ಹರಿದು ರೆಕ್ಟಸ್ ಪೊರೆಯೊಳಗೆ ರಕ್ತ ತುಂಬಬಹುದು. ಹೊಕ್ಕುಳಿಂದ ಕೆಳಗೆ ಗುಹ್ಯದ ಮೂಳೆಯ ಕಡೆಗೆ ಸುಮಾರು ಅರ್ಧ ದಾರಿ ದಾಟಿದ ಮೇಲೆ ಆ ಪೊರೆಗೆ ಹಿಂದಿನ ಗಟ್ಟಿ ಪದರವೇ ಇಲ್ಲ. ಅಲ್ಲಿ ರಕ್ತ ಹರಡಲು ತಡೆ ಕಡಿಮೆ. ನೋವು ಇದ್ದಕ್ಕಿದ್ದಂತೆ ಬಂದು, ಒಂದು ಗಡ್ಡೆ ಕೈಗೆ ಸಿಕ್ಕಿ, ಬಿಪಿ ಇಳಿಯುತ್ತಿದ್ದರೆ ನನ್ನ ಲಿಗ್ನೋಕೇನ್ ಅಲ್ಲ, ತಕ್ಷಣ ಸ್ಕ್ಯಾನ್ ಬೇಕು, ರಕ್ತವೂ ರೆಡಿ ಇರಬೇಕು.