ತೇಲಿದ ಭಸ್ಮವೆಲ್ಲ ಸುರಕ್ಷಿತವೇ?

ಲೋಟದ ನೀರಿನ ಮೇಲೆ ಉದುರಿಸಿದ ಒಂದು ಚಿಟಿಕೆ ಲೋಹ ಭಸ್ಮ (ಕಬ್ಬಿಣವನ್ನು ಸುಟ್ಟು ಮಾಡಿದ ಆಯುರ್ವೇದದ ಔಷಧಿಪುಡಿ) ಮುಳುಗದೆ ಕೆಂಪು ಕೆನೆಯಂತೆ ಹರಡಿಕೊಂಡಿದ್ದನ್ನು ಮೊದಲ ಸಲ ಕಂಡಾಗ ಆದ ಬೆರಗು ನನ್ನಲ್ಲಿ ಇನ್ನೂ ಮಾಸಿಲ್ಲ. ಲೋಹ, ಪಾದರಸಗಳಿಂದ ಔಷಧಿ ಮಾಡುವ ಆಯುರ್ವೇದದ ಶಾಖೆಯಾದ ರಸಶಾಸ್ತ್ರ ಇದನ್ನು ವಾರಿತರ ಪರೀಕ್ಷೆ ಎನ್ನುತ್ತದೆ. ಭಸ್ಮ ಬೆರಳಿನ ಗೆರೆಗಳೊಳಗೆ ಇಳಿದರೆ ರೇಖಾಪೂರ್ಣ, ಬಿಸಿಲಿಗೆ ಹಿಡಿದಾಗ ಹೊಳೆಯದಿದ್ದರೆ ನಿಶ್ಚಂದ್ರ. ತಾಮ್ರ ಭಸ್ಮವನ್ನಾದರೆ ಮೊಸರಿನಲ್ಲಿ ಕಲಸಿಟ್ಟು, ಹಸಿರು ಬಣ್ಣ ಬಿಟ್ಟರೆ ಮತ್ತೆ ಪುಟಕ್ಕೆ ಹಾಕುತ್ತಾರೆ, ಅಂದರೆ ಮುಚ್ಚಿದ ಪಾತ್ರೆಯಲ್ಲಿಟ್ಟು ಸುಡುತ್ತಾರೆ.

ಉಪಕರಣಗಳಿಲ್ಲದ ಕಾಲದಲ್ಲಿ ರೂಪುಗೊಂಡ ಈ ಪರೀಕ್ಷೆಗಳ ಸೂಕ್ಷ್ಮತೆಯನ್ನು ನಾನು ಗೌರವಿಸುತ್ತೇನೆ. ಆದರೆ ಇವುಗಳಲ್ಲಿ ಹೆಚ್ಚಿನವು ಹೇಳುವುದು ಕೆಲಸ ಹದವಾಗಿ ಮುಗಿದಿದೆಯೇ ಎಂಬುದನ್ನೇ ಹೊರತು, ಔಷಧಿ ದೇಹದೊಳಗೆ ಏನು ಮಾಡುತ್ತದೆ ಎಂಬುದನ್ನಲ್ಲ. ಪುಡಿ ತೇಲುವುದು ಅದರ ನುಣುಪಿನಿಂದ, ನೀರಿನ ಮೇಲ್ಮೈ ಸೆಳೆತದಿಂದ. ಸೀಸದ ಕಣವಾದರೋ ನುಣುಪಾದಷ್ಟೂ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುತ್ತದೆ.

2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದು ವರದಿಯಾಯಿತು. ಬಳಿಕ ಭಾರತ ಸರ್ಕಾರ 2006ರ ಜನವರಿಯಿಂದ, ರಫ್ತಾಗುವ ಶುದ್ಧ ಗಿಡಮೂಲಿಕೆ ಔಷಧಿಗಳಿಗೆ ಭಾರಲೋಹ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಸೀಸಕ್ಕೆ 10, ಆರ್ಸೆನಿಕ್‌ಗೆ 3, ಪಾದರಸಕ್ಕೆ 1, ಕ್ಯಾಡ್ಮಿಯಂಗೆ 0.3 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಇಷ್ಟು ಪಾಲು) ಎಂಬ ಮಿತಿಗಳು ಬೆರಕೆಯನ್ನು ಹಿಡಿಯಲು ತಕ್ಕವು. ಲೋಹವನ್ನೇ ಉದ್ದೇಶಪೂರ್ವಕವಾಗಿ ಸೇರಿಸಿ ಮಾಡುವ ರಸೌಷಧಿಗೆ ಅವನ್ನು ಹಚ್ಚುವುದು ಅರ್ಥವಿಲ್ಲದ ಮಾತು. ಅಲ್ಲಿ ಒಟ್ಟು ಪ್ರಮಾಣಕ್ಕಿಂತ ಲೋಹ ಯಾವ ರೂಪದಲ್ಲಿದೆ, ಜಠರದ ಆಮ್ಲದಲ್ಲಿ ಎಷ್ಟು ಕರಗುತ್ತದೆ ಎಂಬುದು ಮುಖ್ಯ. ರಸಸಿಂಧೂರದ ಪಾದರಸ ಗಂಧಕದೊಂದಿಗೆ ಬೆಸೆದುಕೊಂಡು ಬಹಳ ಕಡಿಮೆ ಕರಗುತ್ತದೆ. ಸೀಸದಿಂದ ಮಾಡುವ ನಾಗ ಭಸ್ಮವಾದರೋ ತಯಾರಿಸುವ ಕ್ರಮಕ್ಕೆ ತಕ್ಕಂತೆ ಸೀಸದ ಸಲ್ಫೈಡೂ ಆಗಬಹುದು, ಆಮ್ಲದಲ್ಲಿ ಕರಗುವ ಆಕ್ಸೈಡೂ ಆಗಬಹುದು.

ಪ್ರಮಾಣೀಕರಣದ ಕಷ್ಟವಿರುವುದು ಇಲ್ಲಿಯೇ. ಮಣ್ಣು ಬಳಿದ ಬಟ್ಟೆಯಿಂದ ಸಂಧಿ ಮುಚ್ಚಿದ ಶರಾವ ಸಂಪುಟವನ್ನು (ಒಂದರ ಮೇಲೊಂದು ಕವುಚಿದ ಎರಡು ಮಣ್ಣಿನ ತಟ್ಟೆಗಳನ್ನು) ಬೆರಣಿ ತುಂಬಿದ ಗುಂಡಿಯಲ್ಲಿಟ್ಟು ಸುಟ್ಟರೆ, ಬೆರಣಿಯ ತೇವ, ಗಾಳಿ, ಗುಂಡಿಯ ಅಳತೆ ಒಂದೊಂದೂ ಶಾಖವನ್ನು ಬದಲಿಸುತ್ತವೆ. ಆದ್ದರಿಂದ ಶಾಖದ ಏರಿಳಿತವನ್ನು ದಾಖಲಿಸಿ, ಪ್ರತಿ ಬ್ಯಾಚನ್ನೂ ಪುಡಿಯಲ್ಲಿ ಯಾವ ಸಂಯುಕ್ತಗಳಿವೆ ಎಂದು ತೋರಿಸುವ ಎಕ್ಸ್-ರೇ ಡಿಫ್ರ್ಯಾಕ್ಷನ್‌ಗೆ ಒಡ್ಡಿ, ಬಿಡಿ ಲೋಹ ಉಳಿದಿದೆಯೇ ಎಂದು ನೋಡದೆ ಮಾರುಕಟ್ಟೆಗೆ ಬಿಡಬಾರದೆಂಬುದು ನನ್ನ ನಿಲುವು. ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಾದ ಶೆಡ್ಯೂಲ್ ಇ(1)ರ ದ್ರವ್ಯಗಳಿರುವ ಔಷಧಿಯ ಮೇಲೆ ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಇರಲೇಬೇಕು. ಆದರೆ ನಿಯಮ ಕೇಳುವುದು ಅದನ್ನು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ಕಳೆದ ವರ್ಷ ದೂರದ ಸಂಬಂಧಿಯೊಬ್ಬರು ಮಧುಮೇಹಕ್ಕೆಂದು ಯಾರೋ ಕೊಟ್ಟ ಪೊಟ್ಟಣವನ್ನು ತಂದು ತೋರಿಸಿದರು. ಹೆಸರಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ. ಒಳಗೆ ಬೂದು ಬಣ್ಣದ ನುಣ್ಣನೆಯ ಪುಡಿ. ನೀರಿಗೆ ಹಾಕಿದೆ, ಸೊಗಸಾಗಿ ತೇಲಿತು. ಪೊಟ್ಟಣವನ್ನು ತೆಗೆದಿರಿಸಿ, ರಕ್ತದಲ್ಲಿನ ಸೀಸದ ಪರೀಕ್ಷೆಗೆ ಅವರನ್ನು ಅಂದೇ ಕಳುಹಿಸಿದೆ.