ಮೇಷ್ಟ್ರ ಜಾವಾ ಬಿಚ್ಚಿದ ದಿನ

ಹುಣಸೂರು ಕಡೆಯ ಹಳ್ಳಿಯೊಂದರಲ್ಲಿ ಒಂದು ಹಳೇ ಜಾವಾ ಬೈಕ್ ಇದೆ, ಆದರೆ ಟ್ರ್ಯಾಕ್ಟರ್ ರಿವರ್ಸ್ ತೆಗೆಯುವಾಗ ಟ್ರೈಲರ್ ಹತ್ತಿ ಜಜ್ಜಿಹೋಗಿದೆ ಅಂತ ಸುದ್ದಿ ಬಂತು. ಕೇಳಿ ಬೇಜಾರಾಯಿತು. ಅದರ ಹಿಂದೆಯೇ ಆಸೆಯೂ ಹುಟ್ಟಿತು. ನನ್ನ ಹತ್ತಿರ ಇರುವುದು ಸೋದರಮಾವ ಓಡಿಸುತ್ತಿದ್ದ 1967ರ ಜಾವಾ 250, ಎ ಟೈಪ್ ಅನ್ನೋ ಮಾಡೆಲ್. ಅದರ ಸಿಲಿಂಡರ್ ಕೊನೆಯ ಸೈಜ್‌ವರೆಗೂ ಬೋರ್ ಆಗಿತ್ತು, ಅಂದರೆ ಸವೆದಾಗಲೆಲ್ಲ ಒಳಗೋಡೆ ಕೊರೆಸಿ ಅಗಲ ಮಾಡಿಸಿದ್ದಾಗಿತ್ತು. ಇನ್ನು ಕೊರೆಯೋಕೆ ಜಾಗವೇ ಇರಲಿಲ್ಲ. ಪಿಸ್ಟನ್ನಿನ ಓಡಾಟದಿಂದ ತಿರುಗುವ ಕ್ರ್ಯಾಂಕ್ ಕೂಡ ಸದ್ದು ಮಾಡೋಕೆ ಶುರು ಮಾಡಿತ್ತು.

ಇಂಥ ಗಾಡಿಗೆ ಪಾರ್ಟ್ಸ್ ಎಲ್ಲಿಂದ ತರೋದು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಗಾಡಿ ತಯಾರಿಸೋಕೆ ಶುರು ಮಾಡಿದರು. ಆಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರಲ್ಲಿ ಮತ್ತೆ ಗಾಡಿ ಬಂದಿದ್ದು ಖುಷಿಯ ವಿಷಯವೇ. ಆದರೆ ಅದು ಫೋರ್ ಸ್ಟ್ರೋಕ್, ಅದರ ಇಂಜಿನ್ ಸಾಮಾನು ನಮ್ಮ ಟೂ ಸ್ಟ್ರೋಕ್‌ಗೆ ಹೊಂದೋದಿಲ್ಲ. ಮಾರುಕಟ್ಟೆಯಲ್ಲಿ ಡೂಪ್ಲಿಕೇಟ್ ಪಾರ್ಟ್ಸ್ ಸಿಗುತ್ತವೆ. ಕೆಲವು ಪರವಾಗಿಲ್ಲ. ಇನ್ನು ಕೆಲವಕ್ಕೆ ಹೊಳಪು ಮಾತ್ರ ಇರುತ್ತೆ, ಲೋಹದಲ್ಲಿ ಗಟ್ಟಿತನ ಇರೋದಿಲ್ಲ. ಹಾಗಾಗಿ ಒಂದು ಗಾಡಿ ಸತ್ತರೆ ಅದರಿಂದ ನಾಲ್ಕು ಗಾಡಿ ಬದುಕಬೇಕು. ನಮ್ಮಂಥವರಿಗೆ ಬೇರೆ ದಾರಿಯಿಲ್ಲ.

ಗಾಡಿಯ ಯಜಮಾನರು ನಿವೃತ್ತ ಮೇಷ್ಟ್ರು. ಅದರಲ್ಲೇ ಸ್ಕೂಲಿಗೆ ಹೋಗಿ ಬಂದವರು. "ಗುಜರಿಯವರು ಬಂದಿದ್ರು ಕಣಪ್ಪಾ, ಕೆ.ಜಿ. ಲೆಕ್ಕ ಹೇಳಿದ್ರು. ಕೊಡೋಕೆ ಮನಸ್ಸಾಗ್ಲಿಲ್ಲ," ಅಂದರು. ನಮಗೆ ಕೊಡೋಕೆ ಒಪ್ಪಿದರು, ಆದರೆ ಒಂದು ಷರತ್ತು. ಬಿಚ್ಚುವುದಾದರೆ ತಮ್ಮ ಅಂಗಳದಲ್ಲೇ, ತಮ್ಮ ಕಣ್ಣೆದುರೇ ಬಿಚ್ಚಬೇಕು. ಆ ಷರತ್ತಿನಿಂದ ಲಾಭವಾಗಿದ್ದು ನನಗೇ.

ನನ್ನ ಜೊತೆ ಬಂದವರು ನಮ್ಮ ಮೆಕ್ಯಾನಿಕ್. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯೋದು. ಕಾರ್ಖಾನೆ ಮುಚ್ಚುವವರೆಗೂ ಅಲ್ಲೇ ಕೆಲಸ ಮಾಡಿದವರು. ಹಿಂದಿನ ವಾರ ಗಾಡಿ ನೋಡೋಕೆ ಬಂದಾಗಲೇ ಪ್ಲಗ್ ಬಿಚ್ಚಿ ಸಿಲಿಂಡರ್ ಒಳಗೆ ಡೀಸೆಲ್ ಸುರಿದು ಹೋಗಿದ್ದರು. ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಪಿಸ್ಟನ್ ತುಕ್ಕಿಗೆ ಹಿಡಿದುಕೊಂಡಿರುತ್ತೆ. ಆತುರಪಟ್ಟು ಬಡಿದರೆ ಒಳ್ಳೆಯ ಸಿಲಿಂಡರ್ ಸುಮ್ನೆ ಹಾಳಾಗುತ್ತೆ.

ಮೊದಲು ಸ್ಪ್ಯಾನರ್ ಮುಟ್ಟಲೇ ಇಲ್ಲ. ಭಾಯ್ ಗಾಡಿಯನ್ನು ಮುಂದಿನಿಂದ, ಹಿಂದಿನಿಂದ ನೋಡುತ್ತಾ ಎರಡು ಸುತ್ತು ಬಂದರು. ಪೆಟ್ಟು ಎಲ್ಲಿ ಬಿತ್ತು, ಅದು ಎಲ್ಲಿಯವರೆಗೆ ಹೋಯಿತು ಅನ್ನೋದು ಗೊತ್ತಾಗಬೇಕು. ಟ್ರೈಲರ್ ಹತ್ತಿದ್ದು ಮುಂಭಾಗಕ್ಕೆ. ಫೋರ್ಕ್ ಬಾಗಿತ್ತು, ಮುಂದಿನ ರಿಮ್ ಮಡಚಿತ್ತು. ಟ್ಯಾಂಕಿನ ಎಡಭಾಗ ಒಳಕ್ಕೆ ಹೋಗಿತ್ತು. ಹ್ಯಾಂಡಲ್ ಕೂರುವ ಕಡೆ ಫ್ರೇಮಿನಲ್ಲಿ ಬಣ್ಣ ಸಣ್ಣದಾಗಿ ಬಿರುಕು ಬಿಟ್ಟಿತ್ತು. ಭಾಯ್ ಅಲ್ಲಿ ಉಗುರಿನಿಂದ ಕೆರೆದು, "ಇದು ಮುಗೀತು," ಅಂದರು. ಬಣ್ಣ ಬಿರುಕು ಬಿಟ್ಟಿದೆ ಅಂದರೆ ಕೆಳಗಿನ ಕಬ್ಬಿಣ ಜಗ್ಗಿದೆ ಅಂತ ಅರ್ಥ.

ಈ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು. ಬಾಗಿದ ಫೋರ್ಕ್ ಪೈಪನ್ನು ಪ್ರೆಸ್‌ನಲ್ಲಿ ನೆಟ್ಟಗೆ ಮಾಡಿ, ಮೇಲೆ ಕ್ರೋಮ್ ಹೊಡೆಸಿ ಮಾರುವವರಿದ್ದಾರೆ. ನೋಡೋಕೆ ಹೊಸದರಂತೆಯೇ ಇರುತ್ತೆ. ಒಂದು ದಿನ ಗುಂಡಿಗೆ ಇಳಿಸಿದಾಗ ಅದು ಕೈಕೊಟ್ಟರೆ ಮೇಲೆ ಕೂತಿರೋದು ಯಾರು? ಮೇಷ್ಟ್ರ ಗಾಡಿಯ ಫೋರ್ಕ್ ಪೈಪುಗಳನ್ನು ಹ್ಯಾಕ್ಸಾದಲ್ಲಿ ಎರಡು ತುಂಡು ಮಾಡಿ ಆಮೇಲೆಯೇ ಗುಜರಿಗೆ ಹಾಕಿದೆವು. ಮತ್ತೆ ಯಾರೂ ಅದನ್ನು ಜೋಡಿಸಬಾರದು.

ಇಂಜಿನ್ ಇಳಿಸಿ ಗೋಣಿಚೀಲದ ಮೇಲೆ ಇಟ್ಟೆವು. ಹೆಡ್ ತೆಗೆದಾಗ ಪಿಸ್ಟನ್ ತಲೆಯ ಮೇಲೆ ಕಪ್ಪು ಮಸಿ ದಪ್ಪಗೆ ಕೂತಿತ್ತು. ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿದರು. ಸ್ವಲ್ಪ ಕದಲಿತು. ಮತ್ತೆ ಡೀಸೆಲ್, ಮತ್ತೆ ತಟ್ಟೋದು. ಕೊನೆಗೆ ಸಿಲಿಂಡರ್ ಮೇಲೆ ಬಂತು. ಪಿಸ್ಟನ್ ಮೇಲಿನ ಮಸಿ ಒರೆಸಿದರೆ ಸ್ಟ್ಯಾಂಡರ್ಡ್ ಸೈಜ್, 65 ಎಂ.ಎಂ. ಅಂದರೆ ಈ ಸಿಲಿಂಡರ್ ಒಮ್ಮೆಯೂ ಬೋರ್ ಆಗಿಲ್ಲ! ಜಗಲಿಯ ಮೇಲಿಂದ ಮೇಷ್ಟ್ರು, "ಆಯಿಲ್ ನಾನೇ ಅಳೆದು ಹಾಕ್ತಿದ್ದೆ. ಬಂಕ್‌ನವರ ಕೈಗೆ ಕೊಟ್ಟೋನಲ್ಲ," ಅಂದರು. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್ಲೇ ಪಿಸ್ಟನ್ನನ್ನೂ ಕ್ರ್ಯಾಂಕನ್ನೂ ಕಾಯೋದು. ಆ ಮಾತು ಕೇಳಿದ ಮೇಲೆ ಕ್ರ್ಯಾಂಕ್ ಬಗ್ಗೆ ನನಗೆ ಧೈರ್ಯ ಬಂತು.

ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡನ್ನು ಭಾಯ್ ನೆಟ್ಟಗೆ ಮೇಲಕ್ಕೆ ತಂದು, ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಜಗ್ಗಿದರು. ಪಕ್ಕಕ್ಕೆ ಸ್ವಲ್ಪ ಆಡಿದರೆ ತೊಂದರೆಯಿಲ್ಲ, ಅದು ಆಡಲೇಬೇಕು. ಮೇಲೆ ಕೆಳಗೆ ಮಾತ್ರ ಆಡಬಾರದು. ಟಕ್ ಅಂತ ಸದ್ದು ಬಂತು ಅಂದರೆ ಕೆಳಗಿನ ಬೇರಿಂಗ್ ಸವೆದಿದೆ. ಸದ್ದು ಬರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಜಗ್ಗಿದರು, ಯಾಕಂದರೆ ಹಳೆಯ ಜಿಡ್ಡು ಸವೆತವನ್ನು ಮುಚ್ಚಿಡುತ್ತೆ. ಆಗಲೂ ಸದ್ದಿಲ್ಲ. ಭಾಯ್ ರಾಡನ್ನು ನನ್ನ ಕೈಗೆ ಕೊಟ್ಟು, "ನೀನೇ ನೋಡಪ್ಪ," ಅಂದರು. ಐವತ್ತು ವರ್ಷ ದಾಟಿದ ಕಬ್ಬಿಣ ಒಂದಿಷ್ಟೂ ಅಲುಗದೆ ನಿಂತಿತ್ತು.

ಗೇರುಗಳಲ್ಲಿ ಹಲ್ಲಿಗಿಂತ ಪಕ್ಕದ ಕಚ್ಚುಗಳನ್ನು ಜಾಸ್ತಿ ನೋಡಬೇಕು. ಅವುಗಳ ಅಂಚು ಗುಂಡಗಾಗಿದ್ದರೆ ಗೇರ್ ತಾನಾಗಿ ಜಾರುತ್ತೆ. ಇಲ್ಲಿ ಎರಡನೇ ಗೇರಿನ ಅಂಚು ಸವೆದಿತ್ತು, ಉಳಿದವು ಚೂಪಾಗಿದ್ದವು. ಜಾವಾದಲ್ಲಿ ಗೇರ್ ಲಿವರ್ ಒತ್ತಿದರೆ ಸಾಕು, ಕ್ಲಚ್ ತಾನೇ ಬಿಡುತ್ತೆ. ಅದೇ ಲಿವರನ್ನು ಒಳಗೆ ಒತ್ತಿ ಮೇಲೆ ತಿರುಗಿಸಿದರೆ ಕಿಕ್ಕರ್. ಈ ಜಾಣ ಏರ್ಪಾಟು ಎಷ್ಟೋ ಗಾಡಿಗಳಲ್ಲಿ ಸವೆದು ಕೆಲಸವನ್ನೇ ಮಾಡೋದಿಲ್ಲ. ಮೇಷ್ಟ್ರದ್ದರಲ್ಲಿ ಅದು ಸರಿಯಾಗಿತ್ತು. ಬೇರಿಂಗ್, ಆಯಿಲ್ ಸೀಲುಗಳನ್ನು ಮಾತ್ರ ನೋಡದೆಯೇ ಪಕ್ಕಕ್ಕೆ ಹಾಕಿದೆವು, ಹಳೆಯ ಸೀಲು ಎಷ್ಟು ಚೆನ್ನಾಗಿ ಕಂಡರೂ ಮತ್ತೆ ಹಾಕುವಂತಿಲ್ಲ. ಕ್ರ್ಯಾಂಕಿನ ಎಡಗಡೆ ಸೀಲು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ ಕಾರುತ್ತೆ. ಬಲಗಡೆಯದು ಹೋದರೆ ಗಾಳಿ ನುಗ್ಗಿ ಇಂಜಿನ್ ಕಾದು ಪಿಸ್ಟನ್ ಹಿಡಿದುಕೊಂಡು ಸೀಜ್ ಆಗುತ್ತೆ. ಬೇರಿಂಗ್ ಮೇಲೆ ನಂಬರ್ ಇರುತ್ತೆ, ಅದನ್ನು ತೋರಿಸಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತೆ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಚೈನ್ ಕವರ್. ಜಾವಾದ ಚೈನ್ ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಇರುತ್ತೆ. ಕೆಸರು, ದೂಳು ಹತ್ತಿರ ಸುಳಿಯೋದಿಲ್ಲ. ಬಿಚ್ಚಿ ಹಾಕೋದು ರಗಳೆ ಅಂತ ಎಷ್ಟೋ ಜನ ಅದನ್ನು ಕಿತ್ತು ಎಸೆದಿದ್ದಾರೆ. ನನ್ನ ಗಾಡಿಯಲ್ಲೂ ಇರಲಿಲ್ಲ. ಇದರಲ್ಲಿ ಎರಡೂ ಭಾಗ ಇತ್ತು.

ಇಂಜಿನ್ ಕೇಸನ್ನು ಮಾತ್ರ ನಾನು ಬಳಸಲಿಲ್ಲ. ಅದರ ಮೇಲೆ ಮೇಷ್ಟ್ರ ಗಾಡಿಯ ನಂಬರ್ ಇದೆ. ನಂಬರ್ ಉಜ್ಜಿ ಬೇರೆ ಪಂಚ್ ಮಾಡೋದು ಅಪರಾಧ, ಗಾಡಿಯ ಚರಿತ್ರೆಗೂ ಮೋಸ. ಜೊತೆಗೆ ಕೇಸಿನ ಎರಡು ಹೋಳುಗಳು ಜೋಡಿಯಾಗಿಯೇ ಕೊರೆದಂಥವು. ಒಂದು ಗಾಡಿಯ ಎಡ ಹೋಳಿಗೆ ಇನ್ನೊಂದರ ಬಲ ಹೋಳು ಸೇರಿಸಬಾರದು. ಒಳಗಿನ ಸಾಮಾನನ್ನೆಲ್ಲ ನನ್ನ ಕೇಸಿಗೇ ಹಾಕಿಸಿದೆ. ಗಾಡಿ ಇನ್ನು ರಸ್ತೆಗೆ ಬರೋದಿಲ್ಲ ಅಂತ ಮೇಷ್ಟ್ರಿಂದ ಅರ್ಜಿ ಬರೆಸಿ, ಆರ್‌ಸಿ ರದ್ದು ಮಾಡಿಸುವ ಓಡಾಟವೂ ನನ್ನದೇ ಆಯಿತು. ಹಳೇ ಗಾಡಿ ತಗೊಳ್ಳುವವರು ಇದನ್ನು ದಯವಿಟ್ಟು ಬಿಡಬೇಡಿ. ಯಾರೋ ಆ ನಂಬರನ್ನು ಬೇರೆಲ್ಲೋ ಬಳಸಿದರೆ ಪೊಲೀಸರು ಬಂದು ನಿಲ್ಲೋದು ಮೇಷ್ಟ್ರ ಮನೆ ಮುಂದೆ ಅಲ್ವಾ?

ಲೇತ್‌ನಲ್ಲಿ ಸಿಲಿಂಡರನ್ನು ಮೊದಲ ಓವರ್‌ಸೈಜ್‌ಗೆ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿದೆವು. ಇನ್ನೂ ಹಲವು ಸಲ ಬೋರ್ ಮಾಡಿಸುವಷ್ಟು ದಪ್ಪ ಉಳಿದಿದೆ. ನನ್ನ ಆಯಸ್ಸಿಗೆ ಅಷ್ಟು ಸಾಕು. ಲೀಟರಿಗೆ 40 ಎಂ.ಎಲ್. ಆಯಿಲ್ ಬೆರೆಸಿ, ನಿಧಾನವಾಗಿ ಓಡಿಸಿ ಇಂಜಿನ್ ಪಳಗಿಸಿದೆ. ಆಮೇಲೆ ಹಳ್ಳಿಗೆ ಹೋಗಿ ಮೇಷ್ಟ್ರನ್ನು ಹಿಂದೆ ಕೂರಿಸಿಕೊಂಡು ಕೆರೆ ಏರಿಯ ತನಕ ಒಂದು ಸುತ್ತು ಹೊಡೆದೆ. ಸುಮ್ಮನೆ ಕೂತಿದ್ದವರು ಒಮ್ಮೆಲೇ ನನ್ನ ಭುಜ ತಟ್ಟಿ, "ಮೂರರಲ್ಲಿ ಜಾಸ್ತಿ ಎಳೀತಿದ್ದೀಯ, ನಾಲ್ಕಕ್ಕೆ ಹಾಕು," ಅಂದರು. ಹಾಕಿದೆ.

ಮುಂದಿನ ಚಕ್ರದ ಹಬ್ ಸರಿಯಾಗಿಯೇ ಇತ್ತು. ಅದು ಬಸ್ ಪಾರ್ಸೆಲ್‌ನಲ್ಲಿ ಶಿವಮೊಗ್ಗದ ಗೆಳೆಯನ ಗಾಡಿಗೆ ಹೋಯಿತು. ಡೈನಮೋ ಭಾಯ್ ಅಂಗಡಿಗೆ ಬಂದ ಇನ್ನೊಂದು ಜಾವಾಕ್ಕೆ ಆಯಿತು. ಟ್ಯಾಂಕಿನ ಬಲಗಡೆಯ ಮಂಡಿ ರಬ್ಬರ್, ಹಿಂದಿನ ಮಡ್‌ಗಾರ್ಡ್, ಹಾರ್ನ್ ಇನ್ನೂ ನನ್ನ ಹತ್ತಿರವೇ ಇವೆ. ಎ ಟೈಪ್ ಇಟ್ಟುಕೊಂಡು ಇವಕ್ಕಾಗಿ ಹುಡುಕುತ್ತಿರುವವರು ಇದ್ದರೆ ಕೊಡುತ್ತೇನೆ. ಗೋಡೆಗೆ ನೇತುಹಾಕೋಕೆ ಬೇಡ, ಓಡುವ ಗಾಡಿಗೆ ಬೇಕು ಅನ್ನಬೇಕು, ಅಷ್ಟೇ.